ಕೋಬಾಲ್ಟ್ ಬ್ಲೂ

ಪುಣೆಯ ಲೇಖಕ, ಚಿತ್ರನಿರ್ದೇಶಕ ಸಚಿನ್ ಕುಂಡಲ್ಕರ್ ಅವರ ಮರಾಠಿ ಕಾದಂಬರಿ. ಮೊದಲ ಪ್ರಕಟಣೆ 2006. ಲೇಖಕರು ಇದನ್ನು ಬರೆದದ್ದು ಇಪ್ಪತ್ತರ ಹರೆಯದ ಆರಂಭದಲ್ಲಿ.

ಕಥೆ ನಡೆಯುವುದು ಪುಣೆಯ ಸಂಪ್ರದಾಯಸ್ಥ ಮಧ್ಯಮವರ್ಗದ ಜೋಶಿ ಕುಟುಂಬದಲ್ಲಿ. ಬಾಡಿಗೆ ಕೋಣೆಗೆ ಬಂದ ಕಲಾವಿದ ಯುವಕನನ್ನು ತನಯ್ ಮತ್ತು ಅವನ ತಂಗಿ ಅನುಜಾ ಇಬ್ಬರೂ, ಒಬ್ಬರಿಗೊಬ್ಬರು ಅರಿಯದಂತೆ, ಪ್ರೀತಿಸುತ್ತಾರೆ. ಅನುಜಾ ಅವನೊಂದಿಗೆ ಮನೆ ಬಿಟ್ಟು ಹೋಗುತ್ತಾಳೆ. ಅವನು ಕೈಬಿಟ್ಟ ಮೇಲೆ ಮರಳುತ್ತಾಳೆ. ಆ ಯುವಕನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ.

ಮೊದಲ ಭಾಗ ತನಯ್ ಆ ಯುವಕನನ್ನು ಉದ್ದೇಶಿಸಿ ಆಡುವ ಸ್ವಗತ. ಎರಡನೆಯದು ಅನುಜಾಳ ದಿನಚರಿ. ಒಂದೇ ಘಟನೆ ಎರಡು ದೃಷ್ಟಿಗಳಲ್ಲಿ ಬೇರೆಯಾಗಿ ಕಾಣುತ್ತದೆ. ಅನುಜಾಳ ಸಂಕಟ ಮನೆಮಂದಿಗೆಲ್ಲ ಗೊತ್ತು, ತನಯ್‌ನದು ಹೇಳಿಕೊಳ್ಳಲಾಗದ್ದು. ಮನೆಯೊಳಗಿನ ಒಂಟಿತನ, ಸಲಿಂಗಪ್ರೇಮ, ಸ್ವಂತ ಬದುಕಿನ ಹುಡುಕಾಟ ಇದರ ಮುಖ್ಯ ವಸ್ತುಗಳು.

ಜೆರ್ರಿ ಪಿಂಟೊ ಅವರ ಇಂಗ್ಲಿಷ್ ಅನುವಾದ 2013ರಲ್ಲಿ ಪ್ರಕಟವಾಯಿತು.  ಈ ಕಾದಂಬರಿಯನ್ನು ಆಧರಿಸಿ ಕುಂಡಲ್ಕರ್ ಅವರೇ ನಿರ್ದೇಶಿಸಿದ ಹಿಂದಿ ಚಲನಚಿತ್ರ 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಕಥೆಯ ನೆಲೆ ಪುಣೆಯಿಂದ ಕೇರಳದ ಕೊಚ್ಚಿಗೆ ಬದಲಾಗಿದೆ.