ಮೈದಾನಕ್ಕೆ ಇಳಿಯುವ ಮೊದಲೇ ನಡೆಯುವ ಪಂದ್ಯ

ಮೈಸೂರಿನಲ್ಲಿ ಹುಟ್ಟಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬೆಳೆದ ವಿಕಾಸ್ ಗೌಡ 2006ರಲ್ಲಿ ಅಲ್ಲಿನ ಕಾಲೇಜು ಕ್ರೀಡಾಕೂಟದ ಡಿಸ್ಕಸ್ ಚಾಂಪಿಯನ್ ಆದರು. ಆಗ ಅವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. 2014ರ ಕಾಮನ್‌ವೆಲ್ತ್ ಚಿನ್ನದಿಂದ ನಮಗೆಲ್ಲ ಅವರ ಹೆಸರು ಗೊತ್ತು. ಆದರೆ ಆ ದೇಶದಲ್ಲಿ ಕಾಲೇಜಿನ ಪರವಾಗಿ ಡಿಸ್ಕಸ್ ಎಸೆಯಬೇಕಾದರೆ ತೋಳಿನ ಬಲದ ಜೊತೆಗೆ ಹೈಸ್ಕೂಲಿನ ಮಾರ್ಕ್ಸ್ ಕಾರ್ಡೂ ಪಾಸಾಗಬೇಕು. ಆ ನಿಯಮ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಹುಡುಗರಿಗೆ ಯಾರು, ಎಂಥ ಸಹಾಯ ಮಾಡಿದರು ಎಂಬ ಕಥೆ.

ಈ ಜಗಳ ಹಳೆಯದು. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳು ದೋಣಿ ಸ್ಪರ್ಧೆ ನಡೆಸಿದವು. 1855ರ ಎರಡನೇ ಸ್ಪರ್ಧೆಯ ಹೊತ್ತಿಗಾಗಲೇ ಹಾರ್ವರ್ಡ್ ದೋಣಿಯ ಚುಕ್ಕಾಣಿ ಹಿಡಿದವನು ಓದು ಮುಗಿಸಿ ಹೊರಬಿದ್ದಿದ್ದವನು ಎಂಬ ತಕರಾರು ಎದ್ದಿತ್ತು. ಫುಟ್‌ಬಾಲ್ ಆಟದಲ್ಲಿ ಹುಡುಗರು ಸಾಯತೊಡಗಿದ ಮೇಲೆ 1906ರಲ್ಲಿ ಕಾಲೇಜುಗಳ ಒಕ್ಕೂಟ ಹುಟ್ಟಿತು. 1910ರಿಂದ ಅದರ ಹೆಸರು ಎನ್‌ಸಿಎಎ. ಆದರೆ ಹೈಸ್ಕೂಲಿನಲ್ಲಿ ಏನು ಓದಿ ಬಂದಿರಬೇಕು ಎಂದು ಇಡೀ ದೇಶಕ್ಕೆ ಒಂದೇ ಅಳತೆ ಹಾಕಲು ಅದು 1965ರವರೆಗೆ ಕಾಯಿತು. 1973ರಲ್ಲಿ ಆ ಅಳತೆಯನ್ನೂ ಸಡಿಲಿಸಿ, ಯಾವುದೇ ವಿಷಯ ಓದಿದರೂ ಸರಿ, ಸರಾಸರಿ 4ಕ್ಕೆ 2 ಬಂದರೆ ಸಾಕು ಎಂದಿತು.

ಆ ಸಡಿಲದ ಕಾಲದಲ್ಲಿ, 1978ರಲ್ಲಿ, ಕೆವಿನ್ ರಾಸ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ ನೆಬ್ರಾಸ್ಕಾದ ಕ್ರೈಟನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಪ್ರವೇಶ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು 36ಕ್ಕೆ 9. ಅಲ್ಲಿ ಸೇರುವ ಇತರರ ಸರಾಸರಿ 23 ದಾಟಿತ್ತು. ಮುಂದೆ ಅವನು ನ್ಯಾಯಾಲಯದಲ್ಲಿ ಹೇಳಿಕೊಂಡ ದೂರು ಓದಿದರೆ ಹೊಟ್ಟೆ ತೊಳಸುತ್ತದೆ. ಬಂದೂಕಿನ ಗುರಿ, ಮಡಕೆ ಕೆಲಸ, ಬ್ಯಾಸ್ಕೆಟ್‌ಬಾಲ್ ಸಿದ್ಧಾಂತ ಮುಂತಾದ ತರಗತಿಗಳಿಗೆ ಅವನನ್ನು ಹಾಕಿದರು. ಅವನ ಪಾಠ ಓದಲು, ಬರಹ ಸಿದ್ಧಪಡಿಸಿ ಟೈಪ್ ಮಾಡಲು ಒಬ್ಬ ಕಾರ್ಯದರ್ಶಿಯನ್ನೇ ಇಟ್ಟರು. ನಾಲ್ಕು ವರ್ಷವಾದ ಮೇಲೆ ಪದವಿಗೆ ಬೇಕಾದ 128 ಕ್ರೆಡಿಟ್‌ಗಳಲ್ಲಿ 96 ಮಾತ್ರ ಇದ್ದವು. ಭಾಷೆ ನಾಲ್ಕನೇ ತರಗತಿ ಮಟ್ಟದಲ್ಲಿತ್ತು, ಓದು ಏಳನೇ ತರಗತಿ ಮಟ್ಟದಲ್ಲಿ. 1982ರಲ್ಲಿ ಅವನು ಷಿಕಾಗೋದ ಒಂದು ಶಾಲೆಗೆ ಸೇರಿ ಮಕ್ಕಳ ಜೊತೆ ಕೂತು ಓದು ಕಲಿತ. ಆ ಕಾರ್ಯದರ್ಶಿ ಮಾಡಿದ್ದನ್ನೂ ಅಲ್ಲಿ ಸಹಾಯ ಎಂದೇ ಕರೆದಿದ್ದರು.

ಇಂಥ ಪ್ರಕರಣಗಳ ನಾಚಿಕೆಯಿಂದ 1983ರ ಜನವರಿಯಲ್ಲಿ ‘ಪ್ರಪೊಸಿಷನ್ 48’ ಅಂಗೀಕಾರವಾಯಿತು. 1986ರಿಂದ ಜಾರಿ. 11 ಮುಖ್ಯ ವಿಷಯಗಳಲ್ಲಿ ಸರಾಸರಿ 2, ಜೊತೆಗೆ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 700 ಬರಲೇಬೇಕು. ಕಪ್ಪು ಜನರ ಕಾಲೇಜುಗಳ ಮುಖ್ಯಸ್ಥರು ಸಿಟ್ಟಿಗೆದ್ದರು: ಪರೀಕ್ಷೆಯೇ ಬಿಳಿಯರ ಮನೆಯ ಮಾತಿನಲ್ಲಿದೆ, ಬಡ ಶಾಲೆಯ ಮಕ್ಕಳು ಸೋಲುವುದು ಮೊದಲೇ ಗೊತ್ತು ಎಂದರು. ಟೆನಿಸ್ ಆಟಗಾರ ಆರ್ಥರ್ ಆಶ್, ಅವರೂ ಕಪ್ಪು ಜನಾಂಗದವರೇ, ನಿಯಮದ ಪರ ನಿಂತರು. ಕಡಿಮೆ ನಿರೀಕ್ಷಿಸುವುದೇ ನಮ್ಮ ಮಕ್ಕಳಿಗೆ ಅವಮಾನ ಎಂಬುದು ಅವರ ವಾದ. ಎರಡೂ ಕಡೆ ಸತ್ಯವಿತ್ತು ಎಂದೇ ನಮಗನಿಸುತ್ತದೆ.

1989ರಲ್ಲಿ ಇನ್ನೂ ಬಿಗಿ ಮಾಡಿದರು. ಅರ್ಧ ಅರ್ಹತೆ ಇದ್ದವರಿಗೆ ಮೊದಲ ವರ್ಷ ಆಟವಿಲ್ಲದಿದ್ದರೂ ಸ್ಕಾಲರ್‌ಷಿಪ್ ಸಿಗುತ್ತಿತ್ತು. ಅದನ್ನೂ ಕಿತ್ತುಕೊಳ್ಳುವ ತೀರ್ಮಾನವಾಯಿತು. ಆ ಜನವರಿ 14ರಂದು ಜಾರ್ಜ್‌ಟೌನ್ ತಂಡದ ಕೋಚ್ ಜಾನ್ ಥಾಮ್ಸನ್, ಬಾಸ್ಟನ್ ಕಾಲೇಜಿನ ವಿರುದ್ಧದ ಪಂದ್ಯ ಶುರುವಾಗುವ ಹೊತ್ತಿಗೆ ಅಂಕಣ ಬಿಟ್ಟು ಹೊರನಡೆದರು. ಮರುವರ್ಷ ನಿಯಮ ಸ್ವಲ್ಪ ಸಡಿಲವಾಯಿತು.

ಪರೀಕ್ಷೆಯ ಗಲಾಟೆಯಲ್ಲಿ ಯಾರೂ ಹೆಚ್ಚು ಗಮನಿಸದೆ ಉಳಿದದ್ದು ವಿಷಯಗಳ ಪಟ್ಟಿ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಭಾಷೆ ಬಿಟ್ಟರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ವಿಷಯ. ಅಲ್ಲಿ 9ರಿಂದ 12ನೇ ತರಗತಿವರೆಗೆ ಬಹಳಷ್ಟು ವಿಷಯಗಳನ್ನು ಹುಡುಗನೇ ಆರಿಸಿಕೊಳ್ಳುತ್ತಾನೆ. ಗಣಿತ ಎಂದು ಹೆಸರಿದ್ದ ಮಾತ್ರಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಆ ಶಾಲೆಯ ಆ ತರಗತಿ ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿ ಇರಬೇಕು. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಇದು ದೊಡ್ಡ ಪೆಟ್ಟು ಕೊಟ್ಟಿತು. ಅವರಿಗೆಂದೇ ಶಾಲೆಗಳು ರೂಪಿಸಿದ್ದ ತರಗತಿಗಳನ್ನು ಒಕ್ಕೂಟ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಮೆರಿಕದ ನ್ಯಾಯ ಇಲಾಖೆ ಮಧ್ಯೆ ಬಂದು, 1998ರಲ್ಲಿ ಒಪ್ಪಂದವಾಗಿ ನಿಯಮ ಬದಲಾಯಿತು.

ಪಟ್ಟಿ ಬೆಳೆಯುತ್ತಲೇ ಹೋಯಿತು: 11, 13, 14, ಕೊನೆಗೆ 2008ರಿಂದ 16. ಇಂಗ್ಲಿಷ್ 4 ವರ್ಷ, ಬೀಜಗಣಿತದಿಂದ ಮೇಲಿನ ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2, ಉಳಿದವು ಇವುಗಳಲ್ಲೇ ಹೆಚ್ಚುವರಿ ಅಥವಾ ಬೇರೆ ಭಾಷೆ ಮುಂತಾದವು. 2016ರಿಂದ ಮೊದಲ ದರ್ಜೆಯ ಕಾಲೇಜುಗಳಿಗೆ ಇನ್ನೊಂದು ಬೀಗ ಬಿತ್ತು. ಏಳನೇ ಸೆಮಿಸ್ಟರ್‌ಗೆ ಮೊದಲು 10 ವಿಷಯ ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದ್ದು. ಆ ಹತ್ತರ ಅಂಕಗಳನ್ನು ಆಮೇಲೆ ಮತ್ತೆ ಓದಿ ಏರಿಸಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ಕೊನೆಯ ವರ್ಷ ಕಾಲೇಜಿನ ಕೋಚ್ ಹುಡುಕಿಕೊಂಡು ಬಂದಾಗ ಎಚ್ಚೆತ್ತರೆ ತಡವಾಗಿರುತ್ತದೆ. ಕೆಲಸ ಶುರುವಾಗಬೇಕಾದ್ದು 9ನೇ ತರಗತಿಯಲ್ಲಿ, ಶಾಲೆಯ ಕೌನ್ಸೆಲರ್ ಮೇಜಿನ ಮೇಲೆ. ತಮ್ಮ ಶಾಲೆಯ ಒಪ್ಪಿತ ಪಟ್ಟಿ ತೆರೆದು ಹುಡುಗಿ ಬರೆದುಕೊಟ್ಟ ವಿಷಯಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಫೇಲಾದ ವಿಷಯವನ್ನು ಬೇಸಿಗೆಯಲ್ಲೇ ಮುಗಿಸಬೇಕು. ನೋಂದಣಿ ಶುಲ್ಕ ಕಟ್ಟಲಾಗದ ಮನೆಗೆ ವಿನಾಯಿತಿ ಇದೆ ಎಂದು ತಿಳಿಸಬೇಕು.

2023ರ ಜನವರಿಯಲ್ಲಿ ಪ್ರವೇಶ ಪರೀಕ್ಷೆಯ ಅಂಕದ ಷರತ್ತನ್ನೇ ಎನ್‌ಸಿಎಎ ತೆಗೆದುಹಾಕಿತು. ಥಾಮ್ಸನ್ ಅದನ್ನು ನೋಡಲಿಲ್ಲ, 2020ರಲ್ಲೇ ತೀರಿಕೊಂಡಿದ್ದರು. 16 ವಿಷಯಗಳ ಪಟ್ಟಿ ಮಾತ್ರ ಹಾಗೇ ಇದೆ.