ಹಳೆಯ ಗಣಕಯಂತ್ರವೂ ಅಮರ ಸುಳ್ಯದ ಕಡತಗಳೂ



ಮಳೆಗಾಲಕ್ಕೆ ಮುನ್ನ ಮಾಡಿನ ಹಂಚು ಕೈಯಾಡಿಸುವುದು ನಮ್ಮ ಸೀಮೆಯಲ್ಲಿ ಹಿರಿಯರಿಂದ ಬಂದ ಪದ್ಧತಿ. ಒಂದು ಹಂಚು ಒಡೆಯಿತೆಂದು ಯಾರೂ ಮನೆಯನ್ನು ಕೆಡಹುವುದಿಲ್ಲ. ಪಕ್ಕಾಸಿಗೇ ಗೆದ್ದಲು ಹಿಡಿದಾಗ ಮಾತ್ರ ಹೊಸ ಮಾಡಿನ ಯೋಚನೆ. ಇದೇ ನ್ಯಾಯವನ್ನು ನಾನು ನನ್ನ ಗಣಕಯಂತ್ರಕ್ಕೂ ಎರಡು ದಶಕ ಅನ್ವಯಿಸಿದೆ. ಆ ನ್ಯಾಯ ಎಲ್ಲಿ ಸೋತಿತು ಎಂಬುದನ್ನು ಹೇಳಲು ಈ ಬರಹ.

2004ರಲ್ಲಿ ಪುತ್ತೂರಿನಲ್ಲಿ ಜೋಡಿಸಿ ತಂದ ಯಂತ್ರವದು. ಪೆಂಟಿಯಂ 4, 256 ಎಂಬಿ ಸ್ಮರಣೆ, 40 ಜಿಬಿ ಹಾರ್ಡ್ ಡಿಸ್ಕ್, ಮೇಜಿನ ಮುಕ್ಕಾಲು ಭಾಗವನ್ನು ಆಕ್ರಮಿಸುವ ಗಾಜಿನ ಮಾನಿಟರ್. ಸಿಡಿಲಿಗೆ ಒಮ್ಮೆ ಮೋಡೆಮ್ ಸುಟ್ಟಿತು, ಬದಲಾಯಿಸಿದೆ. ವಿದ್ಯುತ್ತಿನ ಏರಿಳಿತಕ್ಕೆ ಎರಡು ಸಲ ಪವರ್ ಸಪ್ಲೈ ಹೋಯಿತು, ಹೊಸತು ಹಾಕಿಸಿದೆ. ದಿನಾಂಕ ತಪ್ಪತೊಡಗಿದಾಗ ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿಯನ್ನು ನಾನೇ ಬದಲಿಸಿದೆ. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಸುರಕ್ಷಾ ಪರಿಷ್ಕರಣೆಗಳು ನಿಂತ ಮೇಲೆ ಅಂತರಜಾಲದ ತಂತಿಯನ್ನು ಕಿತ್ತು, ಅದನ್ನು ಬರವಣಿಗೆಗಷ್ಟೇ ಉಳಿಸಿಕೊಂಡೆ. ಮಕ್ಕಳು "ಅಪ್ಪಾ, ಇದನ್ನು ಬಿಟ್ಟುಬಿಡಿ" ಎಂದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ.

ಬಿಡದಿರಲು ಕಾರಣ ಜಿಪುಣತನವೊಂದೇ ಆಗಿರಲಿಲ್ಲ. ಅದರೊಳಗೆ 1837 ಇತ್ತು.

ನಿಮ್ಮಲ್ಲಿ ಹಲವರಿಗೆ ಈ ಪಾಠವನ್ನು ನಾನೇ ಮಾಡಿದ್ದೇನೆ. 1834ರಲ್ಲಿ ಕಂಪೆನಿ ಸರಕಾರವು ಕೊಡಗಿನ ಅರಸನನ್ನು ಪದಚ್ಯುತಗೊಳಿಸಿ, ಅವನ ಅಧೀನದಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಹಣದಲ್ಲೇ ತೆರಬೇಕಾಯಿತು. ಆ ಅಸಮಾಧಾನ ದಂಗೆಯಾಯಿತು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರಿನ ಬಾವುಟಗುಡ್ಡೆಯನ್ನೇರಿದರು. ಎರಡು ವಾರವೂ ತುಂಬುವ ಮೊದಲೇ ಕಂಪೆನಿಯ ಸೈನ್ಯ ಬಂತು, ಗಲ್ಲುಗಳಾದವು. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ.

ನಿವೃತ್ತನಾದ ಮೇಲೆ ನಾನು ಬೆಳ್ಳಾರೆ, ಪಂಜ, ಹಾಗೂ ಅಂದು ಪುತ್ತೂರು ತಾಲೂಕಿನಲ್ಲಿದ್ದ, ಈಗ ತಾನೇ ಒಂದು ತಾಲೂಕಾಗಿರುವ ಕಡಬದ ಕಡೆ ಸುತ್ತಿ, ಹಿರಿಯರಿಂದ ಈ ದಂಗೆಯ ಕುರಿತು ಮನೆಮನೆಯಲ್ಲಿ ಉಳಿದ ನೆನಪುಗಳನ್ನು ಕೇಳಿ ಬರೆದುಕೊಂಡೆ. ಒಟ್ಟು 43 ಕಡತಗಳು. ಮಾತನ್ನು ಧ್ವನಿಸುರುಳಿಯಲ್ಲಿ ಹಿಡಿದು, ಮನೆಗೆ ಬಂದು ಬೆರಳಚ್ಚು ಮಾಡಿ, ಅದೇ ಸುರುಳಿಯ ಮೇಲೆ ಮುಂದಿನವರ ಮಾತನ್ನು ಹಿಡಿಯುತ್ತಿದ್ದೆ. ಸುರುಳಿಗೆ ಹಣ ಉಳಿಸಿದೆನೆಂದು ಅಂದು ಹೆಮ್ಮೆಪಟ್ಟೆ. ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ. ಗೆದ್ದವರ ದಾಖಲೆ ಕಾಗದದ ಮೇಲಿದೆ. ಸೋತವರ ಮರಿಮಕ್ಕಳ ಮಾತು ನನ್ನ ಯಂತ್ರದಲ್ಲಿ ಮಾತ್ರ ಇತ್ತು.

ಕಳೆದ ಮಳೆಗಾಲದಲ್ಲಿ ಯಂತ್ರ ತಾನಾಗಿ ಆರತೊಡಗಿತು. ದುರಸ್ತಿಯ ಹುಡುಗ, ನನ್ನ ಶಿಷ್ಯನೊಬ್ಬನ ಮಗ, ಪೆಟ್ಟಿಗೆ ಬಿಚ್ಚಿದ. ಒಳಗೆ ಹಲ್ಲಿಯ ಮೊಟ್ಟೆ, ಧೂಳು, ಬೂಸ್ಟು. ಮದರ್‌ಬೋರ್ಡಿನ ಮೇಲೆ ಸಾಲಾಗಿ ನಿಂತ ಪುಟ್ಟ ಡಬ್ಬಿಗಳ ತಲೆ ಉಬ್ಬಿತ್ತು.

"ಮಾಷ್ಟ್ರೇ, ಕೆಪಾಸಿಟರ್ ಹೋಗಿದೆ. ಬೆಸುಗೆ ಹಾಕಿ ಬೇರೆ ಕೂರಿಸಬಹುದು. ಆದರೆ ಎಷ್ಟು ದಿನವೋ ಹೇಳಲಾರೆ," ಎಂದ.

ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಮದರ್‌ಬೋರ್ಡುಗಳಿಗೆ ಇದೇ ರೋಗ. ಒಳಗಿನ ದ್ರಾವಣ ಕಳಪೆಯಾಗಿದ್ದ ಕೆಪಾಸಿಟರುಗಳು ಉಬ್ಬಿ ಸೋರಿದವು. ಜಗತ್ತಿನ ಎಲ್ಲೆಡೆ ಯಂತ್ರಗಳು ಕೆಟ್ಟವು. ಹಂಚು ಒಡೆದದ್ದಲ್ಲ, ಪಕ್ಕಾಸಿಗೇ ಗೆದ್ದಲು ಹಿಡಿದಿತ್ತು.

"ಹಾಗಾದರೆ ಹೊಸತು ತರೋಣ. ಆದರೆ ಕಡತಗಳು?" ಎಂದೆ.

ಅವನು ಡಿಸ್ಕನ್ನು ಕಳಚಿ, ಅದರ ಅಗಲವಾದ ಹಳೆಯ ಕೊಂಡಿಗೆ ಅಡಾಪ್ಟರ್ ಸಿಕ್ಕಿಸಿ, ಅಂಗಡಿಯ ಹೊಸ ಯಂತ್ರಕ್ಕೆ ಜೋಡಿಸಿದ. ಡಿಸ್ಕ್ ಗುಂಯ್ ಎಂದು ತಿರುಗಿತು. ಕಡತವೊಂದನ್ನು ತೆರೆದೆವು. ಪರದೆಯ ತುಂಬ ರೋಮನ್ ಅಕ್ಷರ, ಸೊನ್ನೆ, ಕೊಂಬು, ಚುಕ್ಕೆ. ಒಂದೂ ಕನ್ನಡವಿಲ್ಲ.

ಇಲ್ಲಿ ನಿಮಗೆ ಸ್ವಲ್ಪ ಇತಿಹಾಸ ಹೇಳಬೇಕು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಮುಂದೆ ಅಚ್ಚುಮೊಳೆಗಳು ಬಂದವು. ಕಿಟ್ಟೆಲರ ನಿಘಂಟು 1894ರಲ್ಲಿ ಅದೇ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಆ ಯಂತ್ರಗಳೆಲ್ಲ ಗುಜರಿಯಾಗಿರಬಹುದು. ಆದರೆ ಅವು ಮುದ್ರಿಸಿದ ಹಾಳೆಯನ್ನು ಓದಲು ಕಣ್ಣೊಂದಿದ್ದರೆ ಸಾಕು.

ಗಣಕದಲ್ಲಿ ಹಾಗಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ವ್ಯಂಜನ, ಸ್ವರಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಅಕ್ಷರ ತಾನಾಗಿ ಕೂಡುವ ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವುಗಳ ಹಳೆಯ ವಿಧಾನದಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡು ಆಕಾರಗಳನ್ನು ಕೂರಿಸಿದ್ದರು. ಅದೇ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ.

1991ರ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಪ್ರತ್ಯೇಕವಾಗಿ ಮೀಸಲಿಟ್ಟಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಎಂಬ ಕನ್ನಡ ಫಾಂಟ್ ಇತ್ತು. ಆದರೂ ಮುದ್ರಣಾಲಯದವರ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದ ಕಾರಣ ನಾವೆಲ್ಲ ಹಳೆಯ ವಿಧಾನದಲ್ಲೇ ಬರೆದೆವು. ನಾನೂ ಬರೆದೆ. ಪೆಟ್ಟಿಗೆಯನ್ನು ವರ್ಷವರ್ಷವೂ ದುರಸ್ತಿ ಮಾಡಿಸುತ್ತಿದ್ದವನು ಒಳಗಿನ ಬರಹವನ್ನು ಒಮ್ಮೆಯೂ ಕೈಯಾಡಿಸಲಿಲ್ಲ.

ಹುಡುಗ ನುಡಿಯ ಫಾಂಟನ್ನು ಹಾಕಿದ ಮೇಲೆ ಅಕ್ಷರಗಳು ಕಂಡವು. ಪರಿವರ್ತಕದ ಮೂಲಕ ಎಲ್ಲವನ್ನೂ ಯೂನಿಕೋಡಿಗೆ ಒಯ್ದೆವು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪಿದ್ದರಿಂದ ಮೂರು ತಿಂಗಳು ಕುಳಿತು, ಹಿಂದೆ ನಿಮ್ಮ ಕಾಪಿ ಪುಸ್ತಕ ತಿದ್ದಿದ ಹಾಗೆ ಸಾಲುಸಾಲಾಗಿ ತಿದ್ದಿದೆ. 41 ಕಡತ ಉಳಿದವು. ಡಿಸ್ಕಿನ ಆ ಭಾಗವೇ ಕೆಟ್ಟಿದ್ದರಿಂದ ಎರಡು ತೆರೆಯಲಿಲ್ಲ. ಅವುಗಳಲ್ಲೊಂದು ಪಂಜದ ಕಡೆಯ ವೃದ್ಧೆಯೊಬ್ಬರದು. ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಅವರು ಭತ್ತ ಗೇರುತ್ತಲೇ ಹೇಳಿದ್ದರು. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಅವರ ಸ್ವರ ನೆನಪಿದೆ, ಮಾತುಗಳು ನೆನಪಿಲ್ಲ.

ಹೊಸ ಯಂತ್ರ ಬಂದಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಸಾಮಾನ್ಯವಾಗಿ ಮುಗಿದಿರುವುದರಿಂದ, ನಿಮ್ಮಲ್ಲೂ ಹಲವರು ಇದೇ ಪ್ರಶ್ನೆಯ ಮುಂದೆ ನಿಂತಿರಬಹುದು. ಪವರ್ ಸಪ್ಲೈ, ಸ್ಮರಣೆ, ಡಿಸ್ಕ್ ಇವು ಹಂಚು, ಧಾರಾಳವಾಗಿ ಬದಲಿಸಿ. ಮದರ್‌ಬೋರ್ಡು ಪಕ್ಕಾಸು, ಅದು ಹೋದರೆ ಮೋಹ ಬಿಡಿ. ಹಳೆಯ ಮಾನಿಟರಿನ ಗಾಜಿನಲ್ಲಿ ಸೀಸವಿರುತ್ತದೆ; ಅದನ್ನು ತೋಟದ ಮೂಲೆಗೆ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಆದರೆ ಎಲ್ಲಕ್ಕಿಂತ ಮೊದಲು, ಯಂತ್ರ ಸರಿಯಿರುವಾಗಲೇ, ಬರೆದದ್ದನ್ನು ಹೊರತೆಗೆದು ಯೂನಿಕೋಡಿಗೆ ತನ್ನಿ, ಇನ್ನೊಂದೆಡೆ ಪ್ರತಿ ಇಡಿ, ಮುಖ್ಯವಾದುದನ್ನು ಕಾಗದದ ಮೇಲೆ ಮುದ್ರಿಸಿ.

ನನ್ನ 41 ಕಡತಗಳು ಮುದ್ರಣಗೊಂಡು ಕಪಾಟಿನಲ್ಲಿವೆ. ಆ ವೃದ್ಧೆಯ ಮಗಳು ಪಂಜದ ಆಚೆ ಇದ್ದಾರೆಂದು ತಿಳಿದಿದೆ. ಮಳೆ ಬಿಟ್ಟ ಮೇಲೆ ಹೋಗಬೇಕು. ತಾಯಿ ಹೇಳಿದ್ದು ಅವರಿಗೆ ನೆನಪಿದ್ದರೆ ಈ ಸಲ ನೇರವಾಗಿ ಪುಸ್ತಕದಲ್ಲೇ ಬರೆದುಕೊಳ್ಳುತ್ತೇನೆ.