ಕಡಲಿಲ್ಲದ ಮಂಗಳೂರಿನ ಬಯೋಡೇಟಾ

ನಮ್ಮ ಮಂಗಳೂರಿನಲ್ಲಿ ಕಡಲಿಲ್ಲ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಊರದು. ಕಡಲೆ ಬೆಳೆಯುತ್ತೇವೆ, ಕಡಲು ನೋಡಬೇಕಾದರೆ ರಾತ್ರಿ ಬಸ್ಸು ಹತ್ತಬೇಕು. ಊರಿನ ಹೆಸರು ಹೇಳಿದ ಕೂಡಲೇ ‘ಆ ಮಂಗಳೂರಲ್ಲ’ ಎಂದು ಸೇರಿಸುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ.

ಸಂಶೋಧನೆಗೆ ಸೇರುವ ಮೊದಲು ಎರಡು ವರ್ಷ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಒಂದು ಮಧ್ಯಾಹ್ನ ಮ್ಯಾನೇಜರ್ ಬಂದು, ‘ಅರ್ಧ ಗಂಟೆಯಲ್ಲಿ ಹೊಸ ಕ್ಲೈಂಟ್ ಜೊತೆ ಕಾಲ್ ಇದೆ, ರೆಡಿ ಇರು’ ಎಂದರು. ಆ ಕಡೆಯವರು ಸ್ನೇಹದಿಂದಲೇ ಮಾತು ಶುರು ಮಾಡಿದರು: ‘ನೀವು ಮಂಗಳೂರಿನವರಂತೆ! ನಮ್ಮ ಮನೆ ಸುರತ್ಕಲ್. ನಿಮ್ಮದು ಎಲ್ಲಿ?’

ಅವರ ಮುಂದೆ ನನ್ನ ಬಯೋಡೇಟಾ ಇದೆ ಎಂದು ನನಗೆ ತಿಳಿದದ್ದೇ ಆಗ. ಆಮೇಲೆ ಅದನ್ನು ತರಿಸಿಕೊಂಡು ನೋಡಿದೆ. ಮೇಲೆ ಕಂಪನಿಯ ಲೋಗೊ. ಕೆಳಗೆ ನನ್ನ ಜನ್ಮದಿನಾಂಕ, ಫೋನ್ ನಂಬರು, ಮನೆ ವಿಳಾಸ. ಯಾರೋ ‘ಕೊಪ್ಪಳ’ ಎಂಬುದನ್ನು ತಪ್ಪೆಂದು ಭಾವಿಸಿ ‘ದಕ್ಷಿಣ ಕನ್ನಡ’ ಎಂದು ತಿದ್ದಿದ್ದರು. ನನ್ನ ಎರಡು ವರ್ಷದ ಅನುಭವ ನಾಲ್ಕಾಗಿತ್ತು. ಕಾಲ್‌ನಲ್ಲಿ ಊರಿನ ತಪ್ಪನ್ನು ನಾನೇ ನಗುತ್ತ ಸರಿಪಡಿಸಿದ್ದೆ. ‘ನಾಲ್ಕು ವರ್ಷ ಅಂದ್ರೆ ಒಳ್ಳೆಯ ಅನುಭವ’ ಎಂದಾಗ ಮಾತ್ರ ಸುಮ್ಮನಿದ್ದೆ. ಆ ಪ್ರಾಜೆಕ್ಟ್ ನನಗೇ ಸಿಕ್ಕಿತು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅಪ್ಪ ನಗಲಿಲ್ಲ. ‘ನಿಮ್ಮ ಅಕ್ಕನ ಬಯೋಡೇಟಾ ಗಂಡಿನ ಮನಿಗೆ ಕೊಡೂಮುಂದ ಆ ಹಿರ್ಯಾ ನನ್ನ ಕೇಳಿದ್ದ, ಕೊಡ್ಲೇನ್ರಿ ಅಂತ. ನಿನ್ನ ಕಾಗದ ಕೊಡೂಮುಂದ ನಿನ್ನ ಯಾರೂ ಕೇಳಲಿಲ್ಲೇನು ತಮ್ಮಾ?’

ದುಡಿಮೆ ಅರಸಿ ಊರು ಬಿಟ್ಟವರ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಪ್ರಶ್ನೆ ಈಗ ಬೇರೆ ಬೇರೆ ಕಾಲಗಳಲ್ಲಿ ಎದುರಾಗುತ್ತಿದೆ. ದುಡಿಯುವವನನ್ನು ಕುರಿತ ಕಾಗದ ಯಾರ ಕೈಯಲ್ಲಿರುತ್ತದೆ? ಅದು ಯಾರನ್ನು ಕೇಳಿ ಕೈ ಬದಲಾಯಿಸುತ್ತದೆ?

1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿಕೊಂಡಿತು. ಅಂಥ ಊರುಗಳ ಬಂಗಲೆಗಳಲ್ಲಿ ಅಡುಗೆಯವರು, ಬಟ್ಲರುಗಳು, ಆಯಾಗಳು ದುಡಿಯುತ್ತಿದ್ದರು. ಒಬ್ಬ ದೊರೆ ವರ್ಗವಾಗಿ ಹೋಗುವಾಗ ‘ಚೀಟಿ’ ಬರೆದುಕೊಡುತ್ತಿದ್ದ. ಇವನು ನಂಬಿಗಸ್ತ, ಇವನ ಅಡುಗೆ ಚೆನ್ನಾಗಿದೆ ಎಂಬಂಥ ಒಕ್ಕಣೆ. ಮುಂದಿನ ದೊರೆಗೆ ಅದನ್ನು ತೋರಿಸಿದರೆ ಕೆಲಸ. ಚೀಟಿ ಕೆಲಸದವನ ಕೈಯಲ್ಲೇ ಇರುತ್ತಿತ್ತು. ಯಾರಿಗೆ ತೋರಿಸಬೇಕೆಂಬುದು ಅವನ ಇಷ್ಟ. ಆದರೆ ಅದು ಇಂಗ್ಲಿಷಿನಲ್ಲಿರುತ್ತಿತ್ತು. ‘ಇವನು ಕಳ್ಳ, ಹುಷಾರು’ ಎಂದು ಬರೆದದ್ದನ್ನೇ ಹೊಗಳಿಕೆಯೆಂದು ನಂಬಿ ಮನೆ ಮನೆಗೆ ತೋರಿಸಿಕೊಂಡು ಹೋದವರ ಕಥೆಗಳನ್ನು ಆ ಕಾಲದ ಸಾಹೇಬರು ನಗುತ್ತ ಹೇಳಿಕೊಳ್ಳುತ್ತಿದ್ದರು. ಕಾಗದ ಕೈಯಲ್ಲಿದ್ದರೆ ಸಾಲದು, ಅದರಲ್ಲೇನಿದೆ ಎಂದೂ ಗೊತ್ತಿರಬೇಕು.

ಎರಡನೆಯ ಕಾಗದ ಕಡಲು ದಾಟಿದ್ದು. 1860ರ ಅಕ್ಟೋಬರ್‌ನಲ್ಲಿ ‘ಟ್ರೂರೊ’ ಎಂಬ ಹಡಗು ಕರಾರು ಕೂಲಿಗಳನ್ನು ಹೊತ್ತು ಮದ್ರಾಸಿನಿಂದ ಹೊರಟು ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. 1911ರವರೆಗೆ ಹೀಗೆ ನಟಾಲ್‌ಗೆ ಹೋದವರು 1,52,184 ಮಂದಿ. ಮದ್ರಾಸಿನಿಂದ ಹೋದವರಲ್ಲಿ ಹೆಚ್ಚಿನವರು ತಮಿಳು, ತೆಲುಗಿನವರು. ಮೈಸೂರು ಸೀಮೆಯವರೂ ಇದ್ದರು. ಪ್ರತಿಯೊಬ್ಬರಿಗೂ ಒಂದು ನಂಬರು. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಮಚ್ಚೆ, ಗಾಯದ ಗುರುತು. ಕೊನೆಯಲ್ಲಿ ಯಾವ ಮಾಲೀಕನ ಪಾಲಿಗೆ ಎಂಬ ವಿವರ. ಇದು ಕೂಲಿಯ ಕೈಯಲ್ಲಿದ್ದ ಚೀಟಿಯಲ್ಲ, ಕೂಲಿಯನ್ನು ಕುರಿತು ಸರ್ಕಾರ ಇಟ್ಟ ಪಟ್ಟಿ. ಅದರಲ್ಲಿ ತನ್ನ ಜಾತಿ, ಊರು ಸರಿಯಾಗಿದೆಯೇ ಎಂದು ನೋಡಲು ಅವನಿಗೆ ದಾರಿಯಿರಲಿಲ್ಲ. ಇಂದು ಅವರ ಮರಿಮಕ್ಕಳು ತಮ್ಮ ಮೂಲ ಹಳ್ಳಿಯನ್ನು ಹುಡುಕುವುದು ಇದೇ ಪಟ್ಟಿಗಳಲ್ಲಿ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಊರಿನ ಹೆಸರು ತಪ್ಪಾಗಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಕೊಪ್ಪಳ ಹೋಗಿ ದಕ್ಷಿಣ ಕನ್ನಡ ಬಂದದ್ದು ನನಗೆ ಬರೀ ತಮಾಷೆಯಾಗಿ ಉಳಿಯದಿರಲು ಇದೂ ಕಾರಣ.

ಅದೇ ದಕ್ಷಿಣ ಆಫ್ರಿಕಾದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವೂ ಸಿಕ್ಕಿತು. ಟ್ರಾನ್ಸ್‌ವಾಲ್‌ನ ಭಾರತೀಯರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಾನೂನನ್ನು ಗಾಂಧಿ ಮತ್ತು ಸಂಗಡಿಗರು 1906ರಿಂದಲೇ ವಿರೋಧಿಸಿದರು. 1908ರ ಆರಂಭದಲ್ಲಿ ಜನರಲ್ ಸ್ಮಟ್ಸ್ ಜೊತೆ ಒಪ್ಪಂದವಾಯಿತು: ಜನ ಸ್ವಂತ ಇಚ್ಛೆಯಿಂದ ನೋಂದಾಯಿಸಿಕೊಂಡರೆ ಕಾನೂನು ರದ್ದಾಗುತ್ತದೆ ಎಂದು ಗಾಂಧಿ ನಂಬಿದರು. ಜನ ನೋಂದಾಯಿಸಿಕೊಂಡರು, ಕಾನೂನು ರದ್ದಾಗಲಿಲ್ಲ. ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಬಳಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಸುಟ್ಟರು. ಕಾನೂನು ಕೇಳಿದ್ದೂ ಹೆಸರು, ಬೆರಳಚ್ಚು; ಜನ ಒಪ್ಪಿ ಕೊಟ್ಟದ್ದೂ ಅದನ್ನೇ. ಗುಟ್ಟು ಬಯಲಾಗುತ್ತದೆಂಬ ಭಯ ಅಲ್ಲಿ ಮುಖ್ಯವಾಗಿರಲಿಲ್ಲ. ಕೇಳಿ ಪಡೆಯುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಅವರ ತಕರಾರಾಗಿತ್ತು.

ಸಾಫ್ಟ್‌ವೇರ್ ನೌಕರರನ್ನು ಕರಾರು ಕೂಲಿಗಳಿಗೆ ಹೋಲಿಸಿದರೆ ಅದು ಆ ಕೂಲಿಗಳಿಗೆ ಮಾಡುವ ಅವಮಾನ. ನಮಗೆ ಸಂಬಳವಿದೆ, ರಾಜೀನಾಮೆಯ ದಾರಿಯಿದೆ. ಹೋಲಿಕೆ ಇರುವುದು ಕಾಗದದಲ್ಲಿ ಮಾತ್ರ. 1980ರ ದಶಕದಲ್ಲಿ ಭಾರತದ ಸಾಫ್ಟ್‌ವೇರ್ ರಫ್ತು ಎಂದರೆ ಬಹುಪಾಲು ಪ್ರೋಗ್ರಾಮರುಗಳನ್ನೇ ವಿಮಾನ ಹತ್ತಿಸಿ ಕ್ಲೈಂಟ್ ಕಚೇರಿಗೆ ಕಳಿಸುವುದಾಗಿತ್ತು. ‘ಬಾಡಿ ಶಾಪಿಂಗ್’ ಎಂಬ ಮಾತು ಹುಟ್ಟಿದ್ದು ಹಾಗೆ. ಇಂಥ ವ್ಯಾಪಾರದಲ್ಲಿ ಮನುಷ್ಯನಿಗಿಂತ ಮೊದಲು ಅವನ ಬಯೋಡೇಟಾ ಪ್ರಯಾಣ ಮಾಡುತ್ತದೆ. ಟೆಂಡರ್ ಗೆಲ್ಲಲು, ಕ್ಲೈಂಟನ್ನು ಒಲಿಸಲು ಅದು ಮಾದರಿ ಸರಕು. ಯಾರು ದುಡಿಯುತ್ತಾರೆಂದು ನೋಡಿ ತಿಳಿಯುವ ಆಸೆ ಕ್ಲೈಂಟಿಗೆ ಇರುವುದು ತಪ್ಪಲ್ಲ. ಆದರೆ ಅವರಿಗೆ ಬೇಕಾದದ್ದು ನನ್ನ ಕೌಶಲ. ನನ್ನ ಜನ್ಮದಿನಾಂಕ, ಮನೆ ವಿಳಾಸ ಅಲ್ಲ.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 86ರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಈ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ನನ್ನ ಮಾಹಿತಿಯನ್ನು ಯಾರ ಯಾರ ಜೊತೆ ಹಂಚಿಕೊಂಡಿದ್ದೀರಿ ಎಂದು ನಾನು ಕೇಳಬಹುದು. ಆದರೆ ಈ ಹಕ್ಕು ಒಪ್ಪಿಗೆಯ ಮೇಲೆ ಮಾಹಿತಿ ಕೊಟ್ಟವರಿಗೆ. 7ನೇ ಸೆಕ್ಷನ್ ‘ಉದ್ಯೋಗದ ಉದ್ದೇಶ’ಗಳಿಗೆ ಒಪ್ಪಿಗೆಯೇ ಬೇಡ ಎನ್ನುತ್ತದೆ. ಇನ್ನೂ ಕ್ಲೈಂಟೇ ಆಗದವರಿಗೆ ಬಯೋಡೇಟಾ ಕಳಿಸುವುದು ಉದ್ಯೋಗದ ಉದ್ದೇಶವೋ, ಕಂಪನಿಯ ವ್ಯಾಪಾರವೋ? ಮೊದಲನೆಯದು ಎಂದಾದರೆ ಅಪ್ಪನ ಪ್ರಶ್ನೆಯನ್ನು ಕೇಳುವ ಹಕ್ಕೂ ನೌಕರನಿಗೆ ಉಳಿಯುವುದಿಲ್ಲ.

ದಾರಿ ಇಲ್ಲವೆಂದಲ್ಲ. ವಿಶ್ವಬ್ಯಾಂಕಿನ ಸಲಹಾ ಸೇವೆಗಳ ಟೆಂಡರುಗಳಲ್ಲಿ ತಜ್ಞರ ಬಯೋಡೇಟಾಗೆ ಒಂದು ನಮೂನೆ ಇದೆ. ಅದರ ಕೊನೆಯಲ್ಲಿ ‘ಇದು ನನ್ನನ್ನು ಸರಿಯಾಗಿ ವಿವರಿಸುತ್ತದೆ’ ಎಂಬ ಅರ್ಥದ ಮಾತಿನ ಕೆಳಗೆ ತಜ್ಞನ ಸಹಿ ಬೇಕು. ಸಹಿ ಹಾಕಬೇಕಾದರೆ ಓದಬೇಕು; ಓದಿದರೆ ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯುತ್ತದೆ. ‘ಒಲ್ಲೆ’ ಎಂದವನು ಬೆಂಚಿನ ಮೇಲೆ ಕೂರಬೇಕಾದೀತು ಎಂಬ ಹೆದರಿಕೆಯನ್ನು ಸಹಿಯೊಂದೇ ಹೋಗಲಾಡಿಸದು, ನಿಜ. ಆದರೆ ಅಂಥ ಸಹಿಯ ಜಾಗವೊಂದು ಇದ್ದಿದ್ದರೆ ಆ ನಾಲ್ಕು ವರ್ಷ ಕಂಪನಿಯ ಸುಳ್ಳೋ ನನ್ನದೋ ಎಂಬುದನ್ನು ನಾನು ಅಂದೇ ತೀರ್ಮಾನಿಸಬೇಕಾಗುತ್ತಿತ್ತು.

ಕಂಪನಿ ಬಿಟ್ಟು ವರ್ಷಗಳಾದವು. ಆ ಬಯೋಡೇಟಾ ಮಾತ್ರ ಇನ್ನೂ ತಿರುಗುತ್ತಿದೆ. ಹೋದ ತಿಂಗಳು ಗುರುತಿಲ್ಲದ ಒಂದು ಏಜೆನ್ಸಿಯಿಂದ ಫೋನ್ ಬಂತು. ‘ಸರ್, ದಕ್ಷಿಣ ಕನ್ನಡದವರಲ್ವಾ?’ ಎಂದು ಶುರು ಮಾಡಿದರು. ನಾನು ಊರನ್ನು ತಿದ್ದಿದೆ. ಈ ಸಲ ವರ್ಷಗಳನ್ನೂ ತಿದ್ದಿದೆ. ಆ ಕಾಗದ ನಿಮಗೆ ಯಾರು ಕೊಟ್ಟರು ಎಂದು ಕೇಳಿದೆ. ಆ ಹುಡುಗಿ ‘ಸಿಸ್ಟಮ್‌ನಲ್ಲಿತ್ತು ಸರ್’ ಎಂದಳು.